ಬೋಣಿಗೆಯ ರೋಬೋಟ್

ಐದಕ್ಕೆ ಏಳುವುದು, ಏಳಕ್ಕೆ ನಾಷ್ಟಾ, ಹತ್ತಕ್ಕೆ ಅಂಗಡಿ. ಸೊಲ್ಲಾಪುರದಲ್ಲಿ ನಲವತ್ತು ವರ್ಷ ಹೀಗೆ ಟವೆಲ್ ಮಾರಿದೆ. ಈಗ ಅಂಗಡಿ ಬಿಟ್ಟಿದ್ದೇನೆ, ಗಡಿಯಾರ ಬಿಟ್ಟಿಲ್ಲ.

ಮರಾಠಿ ಶಾಲೆಯ ಮೊಮ್ಮಗಳಿಗೆ ಕನ್ನಡ ಓದಲು ಬರಲಿ ಎಂದು ರಜೆಯಲ್ಲಿ ಒಂದು ಕರಾರು ಮಾಡಿದೆ. ಹದಿನೈದು ದಿನ, ದಿನಕ್ಕೆರಡು ಪುಟ ಓದಿದರೆ ಕೇಳಿದ್ದು ಕೊಡಿಸುವುದು. ತಡವರಿಸುತ್ತಲೇ ಓದಿ ಮುಗಿಸಿದಳು. ಅವಳಪ್ಪ ಚಿಕ್ಕವನಿದ್ದಾಗ ಆಡುತ್ತಿದ್ದ, ಸೀಡಿ ಹಾಕುವ ಗೇಮಿನ ಡಬ್ಬವೊಂದು ಅಟ್ಟದ ಮೇಲಿತ್ತು. ಅದಕ್ಕೆ ರೋಬೋಟುಗಳ ಜಗಳದ ಸೀಡಿ ಬೇಕೆಂದಳು.

ಹಳೆಯ ಸಾಮಾನಿನ ಅಂಗಡಿ ತೆರೆಯುವುದು ಹತ್ತಕ್ಕೆ. ಐದು ನಿಮಿಷ ಮೊದಲೇ ಹೋಗಿ ನಿಂತೆ. ಸೀಡಿಯ ಹೊದಿಕೆಯ ಮೇಲೆ ಎರಡು ಉಕ್ಕಿನ ರಾಕ್ಷಸರು, ಕಣ್ಣಲ್ಲಿ ಬೆಂಕಿ. ಟವೆಲ್ ಗಂಟಿನ ನಡುವಿನಿಂದ ಒಂದನ್ನೆಳೆದು ನೀರಿಗೆ ಅದ್ದಿ ನೋಡದೆ ಖರೀದಿ ಮಾಡದ ನಾನು, ಅಂದು ಚಿತ್ರ ನೋಡಿ ಕೊಂಡೆ.

ಮನೆಯಲ್ಲಿ ಹಾಕಿದರೆ ಸೀಡಿ ಗರಗರ ತಿರುಗಿತು. ಎರಡು ನಿಮಿಷ ಟಿವಿ ಕಪ್ಪು. ಕೊನೆಗೆ ಬಂದ ರೋಬೋಟುಗಳು ಗುಂಡಿ ಒತ್ತಿದ ಎಷ್ಟೋ ಹೊತ್ತಿನ ಮೇಲೆ ಕೈ ಎತ್ತುತ್ತಿದ್ದವು. ಅರ್ಧ ನಿಮಿಷದಲ್ಲಿ ಸೋಲು, ಮತ್ತೆ ಎರಡು ನಿಮಿಷ ಕಪ್ಪು.

"ಮುತ್ಯಾ, ಇವು ಜಗಳಾ ಆಡಾಕತ್ತಿಲ್ಲ, ಮೈ ಮುರ್ಯಾಕತ್ತಾವ," ಎಂದಳು. "ಮೋಸ ಆತು. ಇನ್ನ ನಾ ಕನ್ನಡ ಓದೂದಿಲ್ಲ."

ಅದು ನಾಟಿತು. ಸೀಡಿ ಹಿಡಿದು ಮತ್ತೆ ಅಂಗಡಿಗೆ ಓಡಿದೆ. ಬದಲಿ ಕೊಡು ಎಂದರೆ ಅಂಗಡಿಯವನು ಕೈ ಮುಗಿದ.

"ಕಾಕಾ, ಇವತ್ತಿನ ಬೋಣಿಗಿ ನಿಮ್ಮದು. ದಿನದ ಮೊದಲನೇ ಗಿರಾಕಿಗೆ ಮಾರಿದ ಮಾಲು ನಾ ತಿರುಗಿ ತಗೊಂಡ್ರ ಧಂದಾ ಹೆಂಗ ನಡೀತದ? ನೀವೂ ದುಕಾನದವ್ರು, ನಿಮಗ ನಾ ಹೇಳ್ಬೇಕೇನ್ರಿ? ಮುಂಜಾನೆ ಅರ್ಧಾ ತಾಸು ತಡಾ ಮಾಡಿ ಖರೀದಿಗೆ ಬಂದಿದ್ರ ಬದಲಿ ಕೊಡತಿದ್ನಿ."

ಬೋಣಿಗೆಯ ಮಾಲು ಹಿಂದೆ ಪಡೆಯದವನು ನಾನೂ ಹೌದು. ಎಷ್ಟು ಗಿರಾಕಿಗಳಿಗೆ ಇದೇ ಮಾತು ಹೇಳಿ ಕಳಿಸಿಲ್ಲ! ಜನ್ಮದಲ್ಲಿ ಒಂದು ದಿನ ತಡವಾಗಿ ಹೋಗಿದ್ದರೆ ಏನಾಗುತ್ತಿತ್ತು?

ಸಿಟ್ಟಿನಲ್ಲೇ ಮನೆಗೆ ಬಂದು ಅದೇ ಸೀಡಿ ಹಾಕಿದೆ. ಕಪ್ಪು ಟಿವಿಯ ಮುಂದೆ ಎರಡು ನಿಮಿಷ ಸುಮ್ಮನೆ ಕೂಡುವುದು ನನಗಾಗದು.

"ಜಗಳಾ ನಾ ಆಡತೀನಿ. ಟಿವಿ ಕಪ್ಪಿರೂ ತನಕ ನೀ ಓದು," ಎಂದೆ.

"ನೀ ಆಡತೀ?" ಎಂದು ನಕ್ಕಳು. "ಸೋತ್ರ?"

"ಸೋತ್ರ ನಗಾಕ ನೀ ಅದೀಯಲ್ಲ."

ನನ್ನ ಸೋಲು ನೋಡುವ ಆಸೆಗೆ ಪುಸ್ತಕ ತೆಗೆದಳು. ಅಂದಿನಿಂದ ದಿನಾ ನಾಲ್ಕಕ್ಕೆ ಸರಿಯಾಗಿ ಕೂಡುತ್ತೇವೆ. ನಾನು ಒಮ್ಮೆಯೂ ಗೆದ್ದಿಲ್ಲ. ಅವಳದು ಎರಡನೆಯ ಪುಸ್ತಕ.

ನಿನ್ನೆ ಟಿವಿ ಬೆಳಗಿದಾಗ, "ನೋಡ ಇಲ್ಲಿ, ಸುರು ಆತು," ಎಂದೆ.

ಅವಳು ತಲೆ ಎತ್ತಲಿಲ್ಲ. "ತಡಿ ಮುತ್ಯಾ, ಇನ್ನ ನಾಕು ಸಾಲು ಅದಾವ."

ಅಷ್ಟರಲ್ಲಿ ನನ್ನ ರೋಬೋಟ್ ಏಟು ತಿಂದು ಬಿತ್ತು. ಬಿದ್ದ ಮೇಲೆ, ನಾನು ಯಾವಾಗಲೋ ಒತ್ತಿದ್ದ ಗುಂಡಿಗೆ, ನಿಧಾನವಾಗಿ ಕೈ ಎತ್ತಿತು.