ಕೋತಿಗೆ ಕಟ್ಟಿದ ಬಾವುಟ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಕೋತಿಗಳು ಒಂಬತ್ತಿದ್ದವೋ ಹತ್ತೊಂಬತ್ತೋ ನೆನಪಿಲ್ಲ. ಬಾವುಟದಲ್ಲಿ ನಕ್ಷತ್ರ ಎಷ್ಟಿದ್ದವು ಎಂದೂ ಕೇಳಬೇಡಿ. (ಮನೆಗೆ ಬಂದು ಗೂಗಲ್ ಮಾಡಿದೆ. ಈಗ ಹದಿಮೂರು ಎಂದು ಸ್ಪಷ್ಟವಾಗಿ ನೆನಪಾಗುತ್ತಿದೆ. ಇದನ್ನು ನೆನಪು ಎನ್ನಬಹುದೇ?)

ಬಾವುಟ ಇದ್ದದ್ದಂತೂ ನಿಜ. ಹಾಲ್ಕುರಿಕೆ ಹತ್ತಿರ, ನಮ್ಮ ಚಿಕ್ಕಪ್ಪನ ಕೊಬ್ಬರಿ ಅಟ್ಟದ ಹೆಂಚಿನ ಮೇಲೆ, ಬಿದಿರು ಕೋಲಿನ ತುದಿಯಲ್ಲಿ ಪಟಪಟ ಹಾರುತ್ತಿತ್ತು. ಕೆಂಪು ಬಟ್ಟೆ. ಮೂಲೆಯಿಂದ ಮೂಲೆಗೆ ಕತ್ತರಿಯಂತೆ ನೀಲಿ ಪಟ್ಟಿ. ಪಟ್ಟಿಯೊಳಗೆ ಬಿಳಿ ನಕ್ಷತ್ರ.

ಎಲ್ಲಾ ಶುರುವಾಗಿದ್ದು ಕೋತಿಗಳಿಂದ. ಹೆಂಚು ಸರಿಸಿ ಅಟ್ಟಕ್ಕಿಳಿದು, ಕೊಬ್ಬರಿಯಾಗಲಿ ಎಂದು ತಿಂಗಳುಗಟ್ಟಲೆ ಬಿಟ್ಟ ಕಾಯಿಗಳನ್ನು ಹಾಳು ಮಾಡುತ್ತಿದ್ದವು. ಚಿಕ್ಕಪ್ಪ ಮೊದಲು ಹುಲಿ ಬೊಂಬೆ ತಂದು ಕೂರಿಸಿದರು. ಎರಡು ದಿನ ಹೆದರಿದವು. ಮೂರನೇ ದಿನ ಒಂದು ಮರಿಕೋತಿ ಹುಲಿಯ ತಲೆಯಲ್ಲಿ ಹೇನು ಹುಡುಕುತ್ತಿತ್ತಂತೆ! ಆಮೇಲೆ ತಿಪಟೂರಿನಲ್ಲಿ, ತೂಕಕ್ಕೆ ಮಾರುವ ಬಟ್ಟೆ ರಾಶಿಯೊಳಗೆ ಈ ಬಾವುಟ ಸಿಕ್ಕಿತು. ಕಟ್ಟಿದರು. ಕೋತಿಗಳು ನಾಪತ್ತೆ.

ಕೋತಿಗಳು ಹೋದವು, ಊರವರು ಬಂದರು. ನಾನು ಹೋದ ದಿನ ಎದುರುಮನೆ ರೇಣುಕಪ್ಪ ಜಗಲಿ ಮೇಲೆ ಕೂತು ವಿಚಾರಣೆ ನಡೆಸುತ್ತಿದ್ದರು.

"ಯಾವ ಪಾರ್ಟಿದಣ್ಣ ಇದು? ನಮಗೊಂದ್ ಮಾತು ಹೇಳ್ಬಾರ್ದಾಗಿತ್ತಾ?"

"ಕೋತಿ ಪಾರ್ಟಿ ಕಣಪ್ಪ. ನೀನೂ ಸೇರ್ಕ ಬಾ."

"ತಮಾಷೆ ಬುಡಣ್ಣ. ಎಲೆಕ್ಷನ್ ಹತ್ರ ಬಂತು, ಜನ ಏನಂದ್ಕತಾರೆ?"

ನಾನು ಸುಮ್ಮನಿರಬೇಕಿತ್ತು. ಆದರೆ ಇತಿಹಾಸದಲ್ಲಿ ಎಂ.ಎ. ಮಾಡಿದವಳಿಗೆ ಇಂಥ ಅವಕಾಶ ದಿನಾ ಸಿಗುತ್ತದೆಯೇ? ಅಮೆರಿಕದಲ್ಲಿ ಕಪ್ಪು ಜನರನ್ನು ಗುಲಾಮರಾಗಿಯೇ ಇಟ್ಟುಕೊಳ್ಳಬೇಕೆಂದು ಯುದ್ಧ ಹೂಡಿದವರ ಬಾವುಟ ಇದು ಎಂದೆ. ಅದನ್ನು ಮನೆ ಮುಂದೆ ಹಾರಿಸಬಹುದೇ ಬೇಡವೇ ಎಂದು ಅಲ್ಲಿ ಇವತ್ತಿಗೂ ಜಗಳ. ನಮ್ಮ ಹಿರೀಕರ ನೆನಪು ಎನ್ನುತ್ತಾರೆ ಕೆಲವರು. ಇನ್ನು ಕೆಲವರಿಗೆ ಅದನ್ನು ಕಂಡರೆ ತಮ್ಮ ಹಿರೀಕರ ಬೆನ್ನಿನ ಚಾವಟಿ ಬರೆ ನೆನಪಾಗುತ್ತದೆ.

"ಇಲ್ಲಿ ಹಾರ್ಸುದ್ರೆ ಅವ್ರಿಗೆ ಕಾಣ್ತದಾ?" ಎಂದರು ರೇಣುಕಪ್ಪ. ನ್ಯಾಯವಾದ ಪ್ರಶ್ನೆಯೇ.

ಆದರೆ ಚಿಕ್ಕಪ್ಪ ಗಂಭೀರವಾದರು. "ಕಾಣದೇ ಇದ್ರೇನಪ್ಪ? ಬಣ್ಣ ನೋಡಿ ಮನುಷ್ಯರನ್ನ ಅಳೆಯೋದಾ? ಥೂ! ಅಂಥೋರ ಬಾವುಟ ನಮ್ಮನೆ ಮ್ಯಾಲೆ ಬ್ಯಾಡ ಕಣವ್ವ. ಕೋತಿ ತಿಂದ್ರೆ ತಿನ್ಲಿ."

ನಾನು ಹೆಮ್ಮೆಯಿಂದ ರೇಣುಕಪ್ಪನವರ ಕಡೆ ನೋಡಿದೆ. ಒಂದು ಲೆಕ್ಚರಿಗೆ ಇಷ್ಟು ಬೇಗ ಫಲ ಸಿಕ್ಕಿದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು.

ಚಿಕ್ಕಪ್ಪ ಶೆಡ್ಡಿನ ಕಡೆ ತಿರುಗಿ ಕೂಗಿದರು. "ಲೇ ಕರಿಯಾ! ಬಂದು ಈ ಬಾವುಟ ಇಳಿಸ್ಲಾ!"

ಕಾಯಿ ಸುಲಿಯುತ್ತಿದ್ದವನು ಎದ್ದು ಬಂದ. (ನೋಡಿ, ಚಿಕ್ಕಪ್ಪನಾದರೆ ‘ಕೂಗಿದರು’, ಇವನಾದರೆ ‘ಬಂದ’. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು.) ಏಣಿ ಹಾಕಿ, ಹೆಂಚು ಒಡೆಯದಂತೆ ಹತ್ತಿ, ಬಾವುಟ ಬಿಚ್ಚಿ ತಂದು ನನ್ನ ಮುಂದೆ ಹಿಡಿದ.

"ಅಮ್ಮಾರೆ, ಬಟ್ಟೆ ಗಟ್ಟಿಗೈತೆ. ಎಸೆಯೋದಾದ್ರೆ ನಂಗೇ ಕೊಡಿ. ಮೂಟೆ ಹೊರುವಾಗ ತಲೆಗೆ ಸುತ್ಕತೀನಿ."

ಅವನಿಗೂ, ಅಲ್ಲ, ಅವರಿಗೂ ಒಂದು ಲೆಕ್ಚರ್ ಕೊಡಲೇ? ಕೊಡಲಿಲ್ಲ. ಬಾವುಟ ಕೊಟ್ಟೆ. ಅಲ್ಲೇ ರುಮಾಲು ಸುತ್ತಿಕೊಂಡರು. ಚೆನ್ನಾಗಿಯೇ ಒಪ್ಪುತ್ತಿತ್ತು.

ಇಪ್ಪತ್ತು ವರ್ಷದಿಂದ ಅವರು ಕೆತ್ತಿಕೊಟ್ಟ ಎಳನೀರು ಕುಡಿದಿದ್ದೇನೆ. ನಮ್ಮ ಕಡೆ ಕರಿಯಪ್ಪ, ಕರಿಯಣ್ಣ ಎಂದು ಪ್ರೀತಿಯಿಂದಲೇ ಹೆಸರಿಡುತ್ತಾರೆ, ಇವರದೂ ಹಾಗೇ ಇರಬಹುದು ಎಂದುಕೊಂಡೆ. ಇರಬಹುದು. ನಾನು ಯಾವತ್ತಾದರೂ ಕೇಳಿದ್ದೆನೇ? ಕೇಳಿ ಮರೆತಿದ್ದೇನೆ ಎಂದುಕೊಳ್ಳಲು ಆಸೆ, ಆದರೆ ನನ್ನ ನೆನಪಿನ ಯೋಗ್ಯತೆ ನಿಮಗೆ ಗೊತ್ತಲ್ಲ. ಹೊರಡುವಾಗ ಅವರನ್ನೇ ಕೇಳಿಬಿಡೋಣವೆಂದು ಶೆಡ್ಡಿನ ಬಾಗಿಲವರೆಗೂ ಹೋದೆ. ಅವರು ಬೆನ್ನು ಹಾಕಿ ಕೂತಿದ್ದರು. ಏನೆಂದು ಕರೆಯಲಿ?

ವಾಪಸ್ ಬಂದೆ. ಬಸ್ಸಿನಲ್ಲಿ ಕೂತು ಚಿಕ್ಕಪ್ಪನಿಗೆ ವಾಟ್ಸಾಪ್ ಮಾಡಿದೆ. ಅಂದಿನಿಂದ ಚಿಕ್ಕಪ್ಪ ದಿನಾ ಗುಡ್ ಮಾರ್ನಿಂಗ್ ಕಳಿಸುತ್ತಿದ್ದಾರೆ. ಕೋತಿಗಳು ಮತ್ತೆ ಬಂದವೆಂದು ವಿಡಿಯೋ ಕೂಡ ಕಳಿಸಿದರು. ನಕ್ಷತ್ರದ ರುಮಾಲು ಸುತ್ತಿದ ತಲೆಯೊಂದು ಕೋಲು ಹಿಡಿದು ಅವುಗಳ ಹಿಂದೆ ಓಡುತ್ತಿದೆ. ನನ್ನ ಮೆಸೇಜಿಗೆ ನೀಲಿ ಟಿಕ್ ಬಿದ್ದು ಎಂಟು ದಿನವಾಯಿತು:

"ಚಿಕ್ಕಪ್ಪ, ಕರಿಯ ಅಂತೀವಲ್ಲ, ಅವರ ಹೆಸರೇನು?"