ತುಕ್ಕಿನ ಡಬ್ಬಿ ಮತ್ತು ಅಮಾವಾಸ್ಯೆಯ ಐದು ನಿಮಿಷ

ಯಾರಾದರೂ ಬಗಲಲ್ಲಿ ಡಬ್ಬಿ ಇಟ್ಟುಕೊಂಡು ನನ್ನ ಗ್ಯಾರೇಜಿನ ಬಾಗಿಲಲ್ಲಿ ನಿಂತರೆ ಸಾಕು, ನನ್ನ ಮುಖ ಸಿಂಡರಿಸುತ್ತದೆ. ಬಂದವರ ತಪ್ಪೇನೂ ಇರುವುದಿಲ್ಲ. ಬಾದಾಮಿಯಲ್ಲಿ ಪಂಪ್‌ಸೆಟ್ಟು, ಮೋಟಾರ್ ಸೈಕಲ್ಲು ರಿಪೇರಿ ಮಾಡುವವನ ಹತ್ತಿರ ಬರದೆ ಅವರು ಇನ್ನಾರ ಹತ್ತಿರ ಹೋಗಬೇಕು? ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅದರ ಮೇಲಿನ ಚಿತ್ರವನ್ನು ನನ್ನ ಕಡೆ ತಿರುಗಿಸಿ ಕೇಳುತ್ತಾರೆ: "ಇದನ್ನ ಎಂಜಿನ್ ಎಣ್ಣ್ಯಾಗ ಕೂಡಿಸಿದ್ರ ತುಕ್ಕು ಹಿಡಿಯೂದಿಲ್ಲಂತ. ಖರೆ ಏನ್ರಿ?" ಹೌದು ಎಂದರೆ ಸುಳ್ಳು, ಇಲ್ಲ ಎಂದರೂ ಸುಳ್ಳು. ನಿಜ ಹೇಳಬೇಕಾದರೆ ಅರ್ಧ ತಾಸು ಬೇಕು. ಕೇಳಿದವನಿಗೆ ಅಷ್ಟರಲ್ಲಿ ಬಸ್ಸಿನ ಹೊತ್ತಾಗಿರುತ್ತದೆ. ಹೀಗೆ ಹೇಳದೆ ಉಳಿದ ಅರ್ಧ ತಾಸುಗಳೆಲ್ಲ ನನ್ನ ಹೊಟ್ಟೆಯಲ್ಲಿ ಗಂಟು ಕಟ್ಟಿಕೊಂಡಿವೆ. ಅದರಲ್ಲಿ ಒಂದನ್ನು ಇವತ್ತು ನಿಮ್ಮ ತಲೆಗೆ ಕಟ್ಟುತ್ತೇನೆ.

ನಾನು ಮೊದಲಿನಿಂದ ಪಂಪ್‌ಸೆಟ್ಟಿನವನಲ್ಲ, ವಿಮಾನದ ಮೆಕ್ಯಾನಿಕ್ಕು. ಹೀಗೆಂದರೆ ಜನ ನನ್ನ ಅಂಗಿಯ ಕಲೆ ನೋಡಿ ನಗುತ್ತಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ಹತ್ತಿಯ ಬೆಳೆಗೆ ಮೇಲಿನಿಂದ ಔಷಧ ಹೊಡೆಯಲು ಒಂದು ಕಂಪನಿ ನಮ್ಮ ಕಡೆ ಬಂದಿತ್ತು. ಅವರದೊಂದು ಪುಟ್ಟ ವಿಮಾನ; ಒಂದೇ ಎಂಜಿನ್ನು, ಒಬ್ಬನೇ ಕೂರುವ ಜಾಗ. ಬಾಗಲಕೋಟೆಯಿಂದ ಬೇವೂರಿಗೆ ಹೋಗುವ ದಾರಿಯಲ್ಲಿ ಗಟ್ಟಿ ನೆಲವೊಂದನ್ನು ಸಮ ಮಾಡಿ, ತಗಡಿನ ಶೆಡ್ಡು ಹಾಕಿ ಅದನ್ನು ನಿಲ್ಲಿಸಿದ್ದರು. ಕಾವಲಿಗೆ ಕಲಾದಗಿಯ ಹುಸೇನಸಾಬರು, ಎಂಜಿನ್ನಿಗೆ ನಾನು. ಪೈಲಟ್ ಮಾತ್ರ ಹಂಗಾಮು ಮುಗಿದ ಮರುದಿನವೇ ಗಂಟುಮೂಟೆ ಕಟ್ಟಿ ತನ್ನ ಊರಿಗೆ ಹೊರಟುಬಿಡುತ್ತಿದ್ದ.

ಹುನಗುಂದದಲ್ಲಿ ಹುಟ್ಟಿದ ನಾನು ಈ ಕಂಪನಿಯ ಬೆನ್ನು ಹತ್ತಿ ಏಳು ವರ್ಷ ಯಾವ ಯಾವುದೋ ರಾಜ್ಯಗಳ ಹೊಲದಂಚಿನಲ್ಲಿ ಬದುಕಿದ್ದೆ. ಹೆಂಡತಿ ಶಾಂತವ್ವ ಬಾದಾಮಿಯಲ್ಲಿ ಸಾಲಿ ಟೀಚರು. ಮದುವೆಯಾಗಿ ನಾಲ್ಕು ವರ್ಷವಾದ ಮೇಲೆ, ನನಗೆ ಬಾಗಲಕೋಟೆಗೆ ವರ್ಗವಾಗಿದ್ದರಿಂದ, ಮೊದಲ ಸಲ ನಾವಿಬ್ಬರೂ ಒಂದೇ ಸೂರಿನ ಕೆಳಗೆ ಸಂಸಾರ ಹೂಡಿದ್ದೆವು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳಿ, ಬಿಸಿ ರೊಟ್ಟಿ ತಿನ್ನುವ ಸುಖ ಏನೆಂದು ಆಗ ಗೊತ್ತಾಯಿತು. ಅಷ್ಟರಲ್ಲಿ ಕಂಪನಿಯಿಂದ ಕಾಗದ ಬಂತು. ಮುಂದಿನ ಹಂಗಾಮಿಗೆ ವಿಮಾನ ಹೊತ್ತಿಗೆ ಸರಿಯಾಗಿ ಏಳಬೇಕು, ಏಳದಿದ್ದರೆ ಈ ನೆಲೆಯನ್ನು ಮುಚ್ಚುತ್ತೇವೆ ಎಂದು ಬರೆದಿದ್ದರು. ನೆಲೆ ಮುಚ್ಚಿದರೆ ಬಿಸಿ ರೊಟ್ಟಿಯೂ ಮುಚ್ಚಿದಂತೆ.

ಕಾಗದದ ಜೊತೆಗೇ ಒಂದು ಡಬ್ಬಿ ಬಂತು. ಎಣ್ಣೆಯಲ್ಲಿ ಬೆರೆಸಿದರೆ ನಿಂತ ಎಂಜಿನ್ನಿಗೆ ತುಕ್ಕು ಹಿಡಿಯುವುದಿಲ್ಲ ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿತ್ತು. ಹತ್ತಿಯ ಹಂಗಾಮು ಮುಗಿದ ಮೇಲೆ ಆರೇಳು ತಿಂಗಳು ವಿಮಾನಕ್ಕೆ ಕೆಲಸವಿಲ್ಲ. ಎಂಜಿನ್ನು ನಿಂತ ಕೂಡಲೇ ಎಣ್ಣೆಯೆಲ್ಲ ಇಳಿದು ತಳಕ್ಕೆ ಸೇರುತ್ತದೆ. ಕವಾಟಗಳನ್ನು ಎತ್ತಿ ಇಳಿಸುವ ಉಕ್ಕಿನ ದಂಡವೊಂದು ಒಳಗಿದೆ, ಕ್ಯಾಮ್ ಅನ್ನುತ್ತಾರೆ. ನಮ್ಮ ಎಂಜಿನ್ನಿನಲ್ಲಿ ಅದು ಮೇಲ್ಗಡೆ ಇತ್ತು. ಎಣ್ಣೆ ಇಳಿದು ಮೊದಲು ಬೋಳಾಗುವುದು ಅದೇ. ಡಬ್ಬಿಯ ದ್ರವ ಆ ಉಕ್ಕಿಗೆ ತೆಳ್ಳನೆಯ ಪದರಾಗಿ ಅಂಟಿಕೊಂಡು ನಿಲ್ಲುತ್ತದೆಂಬುದು ಲೆಕ್ಕಾಚಾರ.

ವಿಷಯ ಊರಿಗೆಲ್ಲ ಹಬ್ಬಿತು. ನಮ್ಮ ಕಡೆ ಎಂಜಿನ್ನಿನ ಬಗ್ಗೆ ಸಲಹೆ ಕೊಡದವನು ಇನ್ನೂ ಹುಟ್ಟಬೇಕು. ಬಸ್ಸಿನ ಡ್ರೈವರ್ ಹರಳೆಣ್ಣೆ ಎಂದ. ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡುವ ನನ್ನ ಹೆಂಡತಿಯ ತಮ್ಮ ಒಂದು ಸೀಸೆ ಕುಸುಬಿ ಎಣ್ಣೆಯನ್ನೇ ತಂದಿಟ್ಟು, "ಮಾವಾರ, ಗಾಣದ್ದ ಐತ್ರಿ, ಮಶೀನಿಂದಲ್ಲ" ಎಂದು ಆಣೆ ಮಾಡಿದ. ವಿಮಾನದ ಎಂಜಿನ್ನು ಒಗ್ಗರಣೆಯ ಸೌಟಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಕೊನೆಗೆ ಆ ಎಣ್ಣೆ ನಮ್ಮ ಮನೆಯ ಚುರುಮುರಿಗೆ ಹೋಯಿತು. ನಾನು ಡಬ್ಬಿಯ ದ್ರವವನ್ನು ಶಾಸ್ತ್ರೋಕ್ತವಾಗಿ ಅಳೆದು ಸುರಿದೆ. ಇನ್ನು ಚಿಂತೆಯಿಲ್ಲ ಎಂದುಕೊಂಡೆ. ಕೆಟ್ಟದ್ದು ಅಲ್ಲಿಯೇ.

ಗಾಡಿ ಯಾವುದಿರಲಿ, ಅಮಾವಾಸ್ಯೆಗೆ ಪೂಜೆ ಮಾಡದಿದ್ದರೆ ನಮ್ಮ ಕಡೆಯವರಿಗೆ ಸಮಾಧಾನವಿಲ್ಲ. ಲಾರಿಗೆ, ಟ್ರ್ಯಾಕ್ಟರಿಗೆ ಮಾಡುವಾಗ ವಿಮಾನಕ್ಕೆ ಏಕಿಲ್ಲ? ಹುಸೇನಸಾಬರೇ ಹಿಂದಿನ ದಿನ ಕಲಾದಗಿಯಿಂದ ನಿಂಬೆಹಣ್ಣು, ತೆಂಗಿನಕಾಯಿ ತಂದಿಡುತ್ತಿದ್ದರು. ನಾನು ವಿಭೂತಿ ಹಚ್ಚಿ ಕಾಯಿ ಒಡೆಯುತ್ತಿದ್ದೆ. ಆದರೆ ಪೂಜೆ ಮಾಡಿದ ಗಾಡಿಯನ್ನು ಚಾಲೂ ಮಾಡದೆ ಬಿಡುವುದು ಹೇಗೆ? ನಾನು ಒಳಗೆ ಹತ್ತಿ ಕೂತು ಎಂಜಿನ್ನು ಹಚ್ಚುತ್ತಿದ್ದೆ. ಪಂಖ ತಿರುಗಿ ಧೂಳೇಳುತ್ತಿತ್ತು. ಸುತ್ತಲಿನ ಹಳ್ಳಿಯವರು ತಲೆಯ ಪಟಕ ಹಾರದಂತೆ ಹಿಡಿದುಕೊಂಡು ನಿಂತು ನೋಡುತ್ತಿದ್ದರು. ಚೊಳಚಗುಡ್ಡದ ನಮ್ಮ ದೊಡ್ಡಪ್ಪ ಎರಡು ಬಸ್ಸು ಬದಲಿಸಿ ಬಂದಿದ್ದ. ಸರಿಯಾಗಿ ಐದು ನಿಮಿಷ, ಆಮೇಲೆ ಬಂದ್. ಎಂಜಿನ್ನಿಗೆ ಕೈಕಾಲು ಆಡಿಸಿದಂತಾಯಿತು ಎಂದು ಎಲ್ಲರಿಗೂ ವಿವರಿಸುತ್ತಿದ್ದೆ. ಒಂದು ಮಾತು ಒಪ್ಪಿಕೊಳ್ಳಬೇಕು. ನಿಲ್ಲಿಸಿಟ್ಟ ಎಂಜಿನ್ನನ್ನು ಹೀಗೆ ಸುಮ್ಮನೆ ಚಾಲೂ ಮಾಡಬಾರದೆಂದು ಪುಸ್ತಕದಲ್ಲಿ ಬರೆದಿತ್ತು. ನಾನು ಓದಿಯೂ ಇದ್ದೆ. ಆದರೆ ಪುಸ್ತಕ ಬರೆದವನು, ಐವತ್ತು ಜನ ನೋಡುತ್ತಿರುವಾಗ ವಿಮಾನದಲ್ಲಿ ಕೂತವನಲ್ಲ. ಡಬ್ಬಿಯಂತೂ ಸುರಿದಿದ್ದೇನಲ್ಲ, ಅದು ನೋಡಿಕೊಳ್ಳುತ್ತದೆ ಎಂಬ ಧೈರ್ಯ ಬೇರೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಕಂಪನಿಯ ಹಿರಿಯ ಎಂಜಿನಿಯರು ತಪಾಸಣೆಗೆ ಬಂದರು. ಮೈಸೂರು ಕಡೆಯವರು, ಮಿತಭಾಷಿ. ನಾನು ಹೆಮ್ಮೆಯಿಂದ ಖಾಲಿ ಡಬ್ಬಿ ತೋರಿಸಿದೆ. ಅವರು ಒಂದು ಸಿಲಿಂಡರ್ ಬಿಚ್ಚಿಸಿ, ಟಾರ್ಚು ಹಚ್ಚಿ ಒಳಗೆ ಇಣುಕಿ, ನನ್ನನ್ನೂ ಇಣುಕಲು ಹೇಳಿದರು. ಕ್ಯಾಮಿನ ಮೈಮೇಲೆಲ್ಲ ಸಿಡುಬಿನ ಕಲೆ.

"ಸಮುದ್ರದ ದಂಡೆಯಲ್ಲಿ ತುಕ್ಕು ನೋಡಿದ್ದೇನೆ. ಇಂಥ ಒಣನಾಡಿನಲ್ಲಿ ತುಕ್ಕು ಹಿಡಿಸಬೇಕಾದರೆ ಬಹಳ ಕಷ್ಟಪಡಬೇಕಲ್ಲ. ಏನು ಮಾಡಿದಿರಿ?" ಎಂದರು.

ಅಮಾವಾಸ್ಯೆಯ ಐದು ನಿಮಿಷದ ವಿಷಯ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು.

ಪೆಟ್ರೋಲು ಉರಿದರೆ ನೀರಾಗುತ್ತದೆ ಎಂಬುದು ನಮಗೆ ನೆನಪಿರುವುದಿಲ್ಲ. ಒಂದು ಡಬ್ಬ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಡಬ್ಬ ನೀರು. ಬಹುಪಾಲು ಹಬೆಯಾಗಿ ಹೊರಗೆ ಹೋಗುತ್ತದೆ, ಸ್ವಲ್ಪ ನುಸುಳಿ ಎಣ್ಣೆಯ ಕೋಣೆಗೆ ಸೇರುತ್ತದೆ. ಒಂದು ತಾಸು ಹಾರಿದರೆ ಎಣ್ಣೆ ಚೆನ್ನಾಗಿ ಕಾದು ಆ ನೀರನ್ನು ಓಡಿಸುತ್ತದೆ. ಐದು ನಿಮಿಷದಲ್ಲಿ ನೀರು ಹುಟ್ಟುತ್ತದೆ, ಹೋಗುವುದಿಲ್ಲ. ನಾನು ತಿಂಗಳಿಗೊಮ್ಮೆ ಕಾಯಿ ಒಡೆದು ನನ್ನ ಎಂಜಿನ್ನಿಗೆ ನೀರು ಕುಡಿಸಿದ್ದೆ. "ಡಬ್ಬಿ ತನ್ನ ಕೈಲಾದಷ್ಟು ಮಾಡಿದೆ. ಹಾರಿಸಿ, ಇಲ್ಲವೇ ಕಟ್ಟಿಟ್ಟು ಮುಟ್ಟದೆ ಬಿಡಿ. ನೀವು ಎರಡೂ ಮಾಡಲಿಲ್ಲ" ಎಂದರು ಹಿರಿಯರು.

ಇದು ನನಗೆ ಹೊಳೆಯಲೇಬೇಕಿತ್ತು. ಹುನಗುಂದದಲ್ಲಿ ನನ್ನ ಅವ್ವ ತನ್ನ ಮದುವೆಯ ಇಳಕಲ್ ಸೀರೆಯನ್ನು ಟ್ರಂಕಿನಲ್ಲಿ ಬೇವಿನೆಲೆ ಹಾಕಿ ಇಟ್ಟಿದ್ದಳು. ಹುಳ ಬರಲಿಲ್ಲ, ಖರೆ. ಆದರೆ ಉಡದೆ ಇಟ್ಟಿದ್ದರಿಂದ ಸೆರಗಿನ ರೇಷ್ಮೆ ಮಡಿಕೆ ಮಡಿಕೆಗೂ ಸೀಳಿತ್ತು. ಆಗ ಅವ್ವನನ್ನು ನಾನೇ ಗದರಿದ್ದೆ. ಊರವರಿಗೆಲ್ಲ ಬುದ್ಧಿ ಹೇಳುವವರ ಪಾಡೇ ಇಷ್ಟು.

ಹುಸೇನಸಾಬರು ಶೆಡ್ಡಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಸಾಹೇಬರು ಕೈ ತೊಳೆಯಲು ಹೋದಾಗ ನನ್ನ ಹತ್ತಿರ ಬಂದರು. "ಕಾಯಿ ತಂದಾಂವ ನಾ ಅಲ್ಲೇನ್ರಿ. ವಾಚಮನ್‌ನ ಹಟಕ್ಕ ಚಾಲೂ ಮಾಡಿದ್ನಿ ಅಂತ ಬರದ ಕೊಡ್ರಿ. ನಂದೇನು, ಹೊಲ ಐತಿ, ಪ್ಯಾರಲ ಗಿಡಾ ಅದಾವ. ನಿಮ್ಮ ಸಂಸಾರ ಈಗ ಕೂಡೇತಿ" ಎಂದರು. ನಾನು ಹಾಗೆ ಬರೆದುಕೊಡಲಿಲ್ಲ. ಆದರೆ ಒಂದು ಗಳಿಗೆ ಬರೆಯಲೇ ಎಂದು ಯೋಚಿಸಿದ್ದೆ. ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ರೆಕ್ಕೆ ಬಿಚ್ಚಿಸಿಕೊಂಡು ವಿಮಾನ ಲಾರಿಯ ಮೇಲೆ ಹೋಯಿತು. ನೆಲೆ ಮುಚ್ಚಿತು. ನನ್ನನ್ನು ಆಂಧ್ರದ ಕರಾವಳಿಗೆ, ಇನ್ನೊಂದು ವಿಮಾನಕ್ಕೆ ಕಳಿಸಿದರು. ಇನ್ನೊಂದು ಡಬ್ಬಿಯನ್ನೂ ಕೊಟ್ಟರು.

ಮನೆಯಲ್ಲಿ ಫೋನಿಲ್ಲ. ತಿಂಗಳಿಗೊಮ್ಮೆ ಶಾಂತವ್ವ ಬಾದಾಮಿಯ ಪೋಸ್ಟಾಫೀಸಿಗೆ ಬಂದು ಕೂರುವುದು, ನಾನು ಆಂಧ್ರದಿಂದ ಟ್ರಂಕ್‌ಕಾಲ್ ಹಚ್ಚುವುದು ಎಂದು ಮಾತಾಗಿತ್ತು. ಅರ್ಧ ದಿನ ಕಾದರೆ ಮೂರು ನಿಮಿಷ ಸಿಗುತ್ತಿತ್ತು. ಮೊದಲ ನಿಮಿಷ ಕೇಳಿಸುತ್ತದೋ ಇಲ್ಲವೋ ಎಂದು ಕೂಗಾಡುವುದಕ್ಕೆ, ಎರಡನೆಯದು ಅವ್ವನ ಕೆಮ್ಮಿನ ಸುದ್ದಿಗೆ. ಮೂರನೆಯದರಲ್ಲಿ ಅವಳ ದನಿ ಆಗಷ್ಟೇ ಮೆತ್ತಗಾಗುತ್ತಿರುವಾಗ ಲೈನು ಕಟ್. ನಡುವೆ ಪೋಸ್ಟಿನಲ್ಲಿ ಸೀರೆ, ಗೋಡಂಬಿ ಕಳಿಸುತ್ತಿದ್ದೆ. ಅವುಗಳಿಂದ ಸಂಬಂಧ ತಾಜಾ ಇರುತ್ತದೆಂದು ನನ್ನ ನಂಬಿಕೆ. ಹೀಗೆ ಎರಡು ವರ್ಷ ಕಳೆಯಿತು.

ಒಂದು ಸಲ ಅವಳು ಮೊದಲ ನಿಮಿಷದಲ್ಲಿಯೇ ಮಾತು ತೆಗೆದಳು. "ಕೇಳಸ್ತೈತಿ, ಕೂಗಬ್ಯಾಡ್ರಿ. ಇನ್ನ ಮ್ಯಾಲೆ ಫೋನ್ ಹಚ್ಚಬ್ಯಾಡ್ರಿ. ಮೂರು ಮಿನಿಟು ಮಾತಾಡಿ ಇಡ್ತೀರಿ, ಮನಿಗೆ ಹೋಗಿ ಮೂರು ದಿನ ಅಳ್ತೇನಿ. ಬರೂದಿದ್ರ ಬರ್ರಿ, ಬಂದು ಇರ್ರಿ. ಇಲ್ಲಾಂದ್ರ ಸುಮ್ಮನ ಬಿಡ್ರಿ, ನಾ ಹೆಂಗರ ಇರ್ತೇನಿ." ಸೀರೆ ಮುಟ್ಟಿತೇ ಎಂದು ಕೇಳಿದೆ, ಮೂರ್ಖನ ಹಾಗೆ. "ಮುಟ್ಟೇತ್ರಿ" ಎಂದಳು. ಎರಡು ನಿಮಿಷ ಬಾಕಿ ಇರುವಾಗಲೇ ಫೋನ್ ಇಟ್ಟಳು.

ನಾನು ಆ ಕರಾವಳಿಯ ಪೋಸ್ಟಾಫೀಸಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಕಣ್ಣು ಮುಚ್ಚಿಕೊಂಡ ಆ ಹಿರಿಯರ ಮುಖವೇ ಎದುರಿಗೆ ಬರುತ್ತಿತ್ತು. ಒಂದೇ ತಪ್ಪನ್ನು ಒಬ್ಬ ಮೆಕ್ಯಾನಿಕ್ಕು ಎರಡು ಸಲ ಮಾಡಬಹುದೇ? ಮರುದಿನ ರಾಜೀನಾಮೆ ಬರೆದೆ. ಬಾದಾಮಿಗೆ ಬಂದು ಈ ಗ್ಯಾರೇಜು ಹಾಕಿದೆ.

ಮೊನ್ನೆ ಅಮಾವಾಸ್ಯೆಗೆ ಸ್ಕೂಟರಿಗೆ ವಿಭೂತಿ ಹಚ್ಚಿ ಕಾಯಿ ಒಡೆಯುತ್ತಿದ್ದೆ. ಆಗಲೇ ಒಬ್ಬ ಡಬ್ಬಿ ಹಿಡಿದು ಬಂದು ಅದೇ ಪ್ರಶ್ನೆ ಕೇಳಿದ. ನನ್ನ ಮುಖ ಸಿಂಡರಿಸುವುದರೊಳಗೆ ಶಾಂತವ್ವ ಸೆರಗು ಬಿಗಿದುಕೊಂಡು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. "ಹಾಕೋರಿ ಅಣ್ಣಾರ, ಏನಾಗೂದಿಲ್ಲ" ಎಂದು ಅವನಿಗೆ ಹೇಳಿ, ನನ್ನ ಬೆನ್ನು ತಟ್ಟಿದಳು. "ನೀವು ನಡೀರಿ. ಬನಶಂಕರಿ ಗುಡಿ ದಾಟಿ ಹೋಗೂಣು. ಎಂಜಿನ್ ಕಾಯ್ಲಿ."