ಹಿಡಿಸೂಡಿ ಆಲ್ಬಮ್ಮಿನ ನೆಬೀಸುಮ್ಮ

ನೆಬೀಸುಮ್ಮ ಬೈದರೆ ಕಾಗೆ ಕೂಡ ಹಾರಿಹೋಗುತ್ತಿರಲಿಲ್ಲ. ಬಟ್ಟೆ ಒಣಗಿಸುವ ತಂತಿಯ ಮೇಲೆ ತಲೆ ಓರೆ ಮಾಡಿ ಕೂತು, ಪೂರ್ತಿ ಕೇಳಿಸಿಕೊಂಡು, ಅವರು ಉಸಿರೆಳೆದುಕೊಳ್ಳಲು ನಿಲ್ಲಿಸಿದಾಗ ಮಾತ್ರ ಹಾರುತ್ತಿತ್ತು. ಕೇರಳದ ಗಡಿಯಂಚಿನ ಕುಂಜತ್ತೂರಿನ ನಮ್ಮ ಓಣಿಯಲ್ಲಿ ಅವರದು ಎದುರು ಮನೆ. ಬೆಳಿಗ್ಗೆ ಅವರ ಸ್ವರ ಕೇಳಿದ ಮೇಲೆಯೇ ನನ್ನ ಅಮ್ಮ ಒಲೆ ಹಚ್ಚುತ್ತಿದ್ದದ್ದು.

ಆಳು ನೋಡಿದರೆ ಒಂದು ಹಿಡಿ. ಬಿಳಿ ತಲೆವಸ್ತ್ರ, ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ಸದಾ ಹಿಡಿಸೂಡಿ. ತೆಂಗಿನ ಕಡ್ಡಿಯ ಆ ಪೊರಕೆಯಿಂದ ಅವರು ಗುಡಿಸಿದ್ದಕ್ಕಿಂತ ಬೊಟ್ಟು ಮಾಡಿ ತೋರಿಸಿದ್ದೇ ಹೆಚ್ಚು. ಮೀನಿನವನ ಬುಟ್ಟಿಯನ್ನು ಅದರಲ್ಲೇ ತೋರಿಸಿ, "ಈ ಬಂಗುಡೆ ಸತ್ತದ್ದು ನಿನ್ನ ಅಜ್ಜನ ಕಾಲದಲ್ಲಿ. ಇದನ್ನು ಸಾರು ಮಾಡುವುದಲ್ಲ ಮಾರಾಯ, ಮಣ್ಣು ಮಾಡ್ಬೇಕು" ಎನ್ನುತ್ತಿದ್ದರು. ಸ್ಟಾಪು ದಾಟಿಸಿ ಬಸ್ಸು ನಿಲ್ಲಿಸಿದ ಕಂಡಕ್ಟರನಿಗೆ ಒಮ್ಮೆ, "ನಿನ್ನ ಮದುವೆಯ ದಿಬ್ಬಣವೂ ಹೀಗೇ ಹುಡುಗಿಯ ಮನೆ ದಾಟಿ ಮುಂದೆ ಹೋಗ್ಲಿ!" ಎಂದಿದ್ದರು. ಆ ಕಂಡಕ್ಟರ್ ತನ್ನ ಮದುವೆಯ ಕಾಗದ ಕೊಡಲು ಬಂದಾಗ, "ಡ್ರೈವರನಿಗೆ ಮನೆ ಸರಿಯಾಗಿ ತೋರಿಸಿದ್ದೇನೆ ಉಮ್ಮ" ಎಂದು ಹೇಳಿಯೇ ಕೊಟ್ಟ.

ಅವರ ಬೈಗುಳಕ್ಕೆ ನಿಯಮವಿತ್ತು. ಹೆತ್ತವರನ್ನು ಎಳೆಯಬಾರದು, ಜಾತಿ ಎತ್ತಬಾರದು, ಯಾರಿಗೂ ಸಾಯಿ ಎನ್ನಬಾರದು. "ಸತ್ತರೆ ನಾಳೆ ಯಾರಿಗೆ ಬೈಯುವುದು?" ಎಂದು ಕೇಳುತ್ತಿದ್ದರು.

ಇಂಥವರು ಹಿಪ್-ಹಾಪ್ ಆಲ್ಬಮ್ಮಿಗೆ ಬಂದದ್ದು ಮೊಮ್ಮಗ ಸಿನಾನನಿಂದ. ಅವನ ಅಪ್ಪ ಹಮೀದಿಚ್ಚ ಶಾರ್ಜಾದ ಗ್ರೋಸರಿ ಅಂಗಡಿಯೊಂದರಲ್ಲಿದ್ದರು. ಅವರ ದುಡಿಮೆಯಿಂದ ಮನೆಗೆ ಮಹಡಿ ಬಂದಿತ್ತು. ಆದರೆ ಮೇಲಿನ ಕೋಣೆಯಲ್ಲಿ ಮಲಗುವವರು ಯಾರೂ ಇರಲಿಲ್ಲ. ಡಿಗ್ರಿಗೆಂದು ಮಂಗಳೂರಿಗೆ ಹೋಗುತ್ತಿದ್ದ ಸಿನಾನ್ ಆ ಕೋಣೆಯನ್ನು ಸ್ಟುಡಿಯೋ ಮಾಡಿದ. ಮದುವೆಯ ವೀಡಿಯೋ ಎಡಿಟ್ ಮಾಡುತ್ತಿದ್ದ ನನ್ನ ಬಳಿ ಕಂಪ್ಯೂಟರೂ ಒಂದು ಒಳ್ಳೆಯ ಮೈಕೂ ಇದ್ದುದರಿಂದ ನಾನು ಸೌಂಡ್ ಇಂಜಿನಿಯರ್ ಆದೆ. ಸ್ವರ ಗೋಡೆಗೆ ತಾಗಿ ಮರಳಬಾರದೆಂದು ಮನೆಯ ರಜಾಯಿ, ಕಂಬಳಿ, ಚಾಪೆಗಳನ್ನೆಲ್ಲ ಸಿನಾನ್ ಗೋಡೆಗೆ ನೇತು ಹಾಕಿದ್ದ.

ಅವತ್ತು ಅವನು ಮೈಕಿನ ಎದುರು ಎದೆಯುಬ್ಬಿಸಿ ಹಾಡುತ್ತಿದ್ದ: "ನಾನು ಬೀದಿಯ ಹುಲಿ, ನಾನು ಕತ್ತಲ ದೊರೆ, ಜೈಲಿನ ಕಂಬಿಗೆ ನನ್ನದೇ ಬರೆ..."

ಬಾಗಿಲು ತೆರೆಯಿತು. ರಜಾಯಿ ಹುಡುಕುತ್ತ ಬಂದ ನೆಬೀಸುಮ್ಮ ಗೋಡೆ ನೋಡಿದರು, ಮೊಮ್ಮಗನನ್ನು ನೋಡಿದರು.

"ನೀನು ಯಾವಾಗ ಜೈಲಿಗೆ ಹೋದದ್ದು?"

"ಉಮ್ಮಾಮ, ಅದು ಹಾಡು..."

"ಕತ್ತಲ ದೊರೆಯಂತೆ! ಕರೆಂಟ್ ಹೋದರೆ ಬಾತ್‌ರೂಮಿಗೆ ಹೋಗ್ಲಿಕ್ಕೆ ನಿನಗೆ ಉಮ್ಮಾಮ ಬೇಕು. ಬೀದಿಯ ಹುಲಿಯಂತೆ! ಓಣಿಯ ನಾಯಿ ಕುಂಯ್ ಎಂದರೆ ಚಪ್ಪಲಿ ಬಿಟ್ಟು ಓಡುವವನು ನೀನು. ಹುಲಿಗೆ ದಿನಾ ಬೆಳಿಗ್ಗೆ ಬೂಸ್ಟ್ ಕಲಸಿ ಕೊಡುವವಳು ನಾನು, ನನಗೆ ಗೊತ್ತಿಲ್ವಾ ಹುಲಿ? ನನ್ನ ರಜಾಯಿ ತೆಗಿ ಕೆಳಗೆ!"

ಮೈಕ್ ಆನ್ ಇತ್ತು. ಅವರು ರಜಾಯಿ ಹೊತ್ತು ಇಳಿದುಹೋದ ಮೇಲೆ ನಾವು ಅದನ್ನು ಕೇಳಿದೆವು. ಸಿನಾನನ ಸಾಲುಗಳು ನಮಗೇ ಬೇಸರ ತರಿಸುವಂತಿದ್ದವು. ಅವುಗಳ ಬೆನ್ನಿಗೇ ಉಮ್ಮಾಮನ ಸ್ವರ ಬಂದಾಗ ಮಾತ್ರ ಇಬ್ಬರೂ ನೆಲದ ಮೇಲೆ ಬಿದ್ದು ನಕ್ಕೆವು. ಓಡಿಹೋಗಿ ಅವರನ್ನೇ ಕರೆತಂದು ಕೇಳಿಸಿದೆವು.

"ಯಾರು ಇದು, ಇಷ್ಟು ಜೋರಿನ ಹೆಂಗಸು?" ಎಂದರು.

"ನೀವೇ."

"ಪಾಪ, ಈ ಮನೆಯವರು ಹೇಗೆ ತಡೆದುಕೊಂಡರು!" ಎಂದರು. ಕೆಳಗೆ ಅಡುಗೆಮನೆಯಲ್ಲಿ ಸೊಸೆ ಕಿಸಕ್ಕೆಂದದ್ದು ಮಹಡಿಗೆ ಕೇಳಿಸಿತು.

ಅದನ್ನು ಹಾಡಾಗಿಸಲು ಒಪ್ಪಿಗೆ ಕೇಳಿದೆವು. ಕೊಟ್ಟರು, ಒಂದೇ ಷರತ್ತು, ಒಂದು ಮಾತನ್ನೂ ಕತ್ತರಿಸಬಾರದು. ಆದರೆ ಸ್ವರದ ಜೋರಿಗೆ ಆ ರೆಕಾರ್ಡಿಂಗ್ ಒಡೆದುಹೋಗಿತ್ತು. ನನ್ನ ಮೈಕು ಮದುವೆಯ ಮಾತುಗಳಿಗೆ ಒಗ್ಗಿದ್ದು, ನೆಬೀಸುಮ್ಮನಿಗಲ್ಲ. ಇನ್ನೊಮ್ಮೆ ಬೈಯಬೇಕಾಯಿತು.

ಇನ್ನೊಮ್ಮೆ ಎಂದರೆ ಅವರಿಂದ ಆಗಲೇ ಇಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು, ತಲೆವಸ್ತ್ರ ಸರಿಮಾಡಿಕೊಂಡು, ಮೈಕಿಗೆ ಹೇಳಿದರು: "ಎಲ್ಲರಿಗೂ ನಮಸ್ಕಾರ. ಸಿನಾನ್ ಎಂಬ ಹುಡುಗನು ಕತ್ತಲೆಗೆ ಹೆದರುವನು." ಶಾಲೆಯಲ್ಲಿ ಕಲಿತ ಕನ್ನಡವನ್ನೆಲ್ಲ ಆ ಹೊತ್ತಿಗೆಂದೇ ಎತ್ತಿಟ್ಟುಕೊಂಡಿದ್ದರೋ ಏನೋ. ಸಿನಾನ್ ಎದುರು ನಿಂತು ಹುಲಿಯಾದ, ದೊರೆಯಾದ. ಪ್ರಯೋಜನವಾಗಲಿಲ್ಲ. "ಸಿಟ್ಟು ಬರದೆ ಹೇಗೆ ಬೈಯುವುದು? ಅದು ಸುಳ್ಳು ಹೇಳಿದ ಹಾಗೆ ಅಲ್ವಾ?" ಎಂದರು.

ನಾನು ಮೈಕಿನ ಮಟ್ಟ ತಗ್ಗಿಸಿದೆ. ರೆಕಾರ್ಡಿಂಗ್ ಒತ್ತಿ, ಅವರ ಕಡೆ ನೋಡದೆಯೇ ಹೇಳಿದೆ: "ಬೆಳಿಗ್ಗೆ ನೀವು ಕಳಿಸಿದ ಪತ್ತಿರಿ ಸ್ವಲ್ಪ ದಪ್ಪ ಇತ್ತು. ಪತ್ತಿರಿ ಎಂದರೆ ನಿಮ್ಮ ಆಚೆಮನೆಯವರದ್ದೇ."

ಅವರ ಪತ್ತಿರಿ, ಆ ತೆಳು ಅಕ್ಕಿರೊಟ್ಟಿಯ ಮೂಲಕ ಪೇಪರ್ ಓದಬಹುದು ಎಂದು ಊರಿಗೇ ಗೊತ್ತು. ಮೊದಲು ಕನ್ನಡಕ ತೆಗೆದರು. ಆಮೇಲೆ ಬಂದದ್ದನ್ನು ನಾನು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೇಳಿದೆ. ನನ್ನ ನಾಲಿಗೆ, ನನ್ನ ಕೂದಲು, ನಾನು ತೆಗೆದ ವೀಡಿಯೋದಲ್ಲಿ ಮದುಮಗಳಿಗಿಂತ ಐಸ್‌ಕ್ರೀಮಿನವನೇ ಹೆಚ್ಚು ಕಂಡದ್ದು, ಎಲ್ಲವೂ ಬಂತು. ನನ್ನಿಂದ ಸಿನಾನನಿಗೆ ದಾಟಿ, ಹುಲಿ, ಬೂಸ್ಟು, ಬಾತ್‌ರೂಮು ಮುಗಿಸಿ, ಕೊನೆಗೆ ಮೈಕನ್ನೂ ಬಿಡಲಿಲ್ಲ: "ಎಲ್ಲ ಕೇಳ್ತದೆ, ಒಂದು ಹೂಂ ಅಂತ ಹೇಳ್ಲಿಕ್ಕೆ ಆಗುವುದಿಲ್ಲ ಇದಕ್ಕೆ!"

ಆಲ್ಬಮ್ಮಿಗೆ 'ಹಿಡಿಸೂಡಿ' ಎಂದು ಹೆಸರಿಟ್ಟೆವು. ಉಮ್ಮಾಮ ಬೈದ 'ಕತ್ತಲ ದೊರೆ'ಯೊಂದನ್ನು ಉಳಿಸಿ, ಸಿನಾನ್ ಜೈಲಿನ ಉಳಿದ ಹಾಡುಗಳನ್ನೆಲ್ಲ ಬಿಟ್ಟು ಹೊಸದಾಗಿ ಬರೆದ. ಗಡಿ ದಾಟುತ್ತಿದ್ದಂತೆ ಬಣ್ಣ ಬದಲಾಗುವ ಬಸ್ಸು, ಓದಲು ಬಾರದ ಮಲಯಾಳಂ ನೋಟಿಸು, ಮಂಗಳೂರಿನಲ್ಲಿ ಕೇರಳದವನೂ ಕಣ್ಣೂರಿನಲ್ಲಿ ಕರ್ನಾಟಕದವನೂ ಆಗುವ ನಮ್ಮ ಪಾಡು. ಪ್ರತಿ ಹಾಡಿನ ನಡುವೆಯೂ ಉಮ್ಮಾಮನ ಒಂದು ಮಾತು ನುಗ್ಗಿ ಅವನನ್ನು ನೆಲಕ್ಕಿಳಿಸುತ್ತಿತ್ತು.

ಪೋಸ್ಟರಿಗೆ ಅವರ ಮುಖ ಬೇಡವೆಂದರು. ಹಿಡಿಸೂಡಿ ಎತ್ತಿದ ಕೈಯೊಂದನ್ನೇ ಫೋಟೋ ತೆಗೆದು, ಕೆಳಗೆ 'ಬರುತ್ತಿದೆ ಹಿಡಿಸೂಡಿ' ಎಂದು ಬರೆಸಿ ಹೊಸಂಗಡಿಯವರೆಗೆ ಅಂಟಿಸಿದೆವು. ಅದು ಪಂಚಾಯತ್ ಚುನಾವಣೆಯ ಸಮಯವೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಯಾರೋ ಪಕ್ಷೇತರ ಅಭ್ಯರ್ಥಿಯ ಚಿಹ್ನೆ ಎಂದು ಊರು ತಿಳಿಯಿತು. ಕೈಬಳೆ ನೋಡಿ ಕೈ ಯಾರದೆಂದೂ ತಿಳಿಯಿತು. ನಳ್ಳಿಯಲ್ಲಿ ನೀರು ಬರುತ್ತಿಲ್ಲವೆಂದು ಹೆಂಗಸರು ನೆಬೀಸುಮ್ಮನ ಅಂಗಳಕ್ಕೆ ಬಂದರು. ಅವರು ಯಾರನ್ನೂ ವಾಪಸು ಕಳಿಸಲಿಲ್ಲ. ಪೈಪಿನವನನ್ನು ಕರೆಸಿ ಬೈದರು, ನೀರೂ ಬಂತು. ಇದರಿಂದ ಗಾಬರಿಯಾದ ನಿಜವಾದ ಅಭ್ಯರ್ಥಿಯೊಬ್ಬರು ಬಿಳಿ ಅಂಗಿ ತೊಟ್ಟು ಮನೆಗೇ ಬಂದರು.

"ಉಮ್ಮ, ನೀವು ಈ ಸಲ ನಿಂತಿದ್ದೀರಂತೆ?"

"ನನಗೆ ಮೊಣಗಂಟು ನೋವು ಮಾರಾಯ. ನಾನು ನಿಲ್ಲುವುದೇ ಇಲ್ಲ, ನೋಡು, ಕೂತೇ ಇದ್ದೇನೆ" ಎಂದು ಚಾ ಕೊಟ್ಟು ಕಳಿಸಿದರು.

ಆಲ್ಬಮ್ಮನ್ನು ಸಿ.ಡಿ. ಮಾಡಿಸಿದೆವು, ಇಂಟರ್‌ನೆಟ್ಟಿಗೂ ಹಾಕಿದೆವು. ಸಿ.ಡಿ.ಗಳನ್ನು ಕೇಳುವವರಿರಲಿಲ್ಲ. ಅಂಗಡಿಯವನು ಅವುಗಳನ್ನು ಮಾಪಿಳ್ಳೆ ಪಾಟಿನ ಸಿ.ಡಿ.ಗಳ ಹಿಂದೆ ಇಟ್ಟು ಮರೆತ. ಆದರೆ ವಾಟ್ಸಾಪ್ ಆಗಷ್ಟೇ ಎಲ್ಲರ ಫೋನಿಗೆ ಬಂದಿತ್ತು. ಯಾರೋ 'ಕತ್ತಲ ದೊರೆ' ಹಾಡನ್ನಷ್ಟೇ ಕತ್ತರಿಸಿ ಕಳಿಸಿದರು. ಅದು ಉಪ್ಪಳ, ಕುಂಬಳೆ, ಕಾಸರಗೋಡು ದಾಟಿ, ಕಡಲನ್ನೂ ದಾಟಿತು. ಆಟೋದಲ್ಲಿ ನೆಬೀಸುಮ್ಮ, ಸೆಲೂನಿನಲ್ಲಿ ನೆಬೀಸುಮ್ಮ. ಒಬ್ಬ ಮೇಷ್ಟ್ರು ಗದ್ದಲ ಮಾಡಿದ ತರಗತಿಯಲ್ಲಿ ಅದನ್ನೇ ಹಾಕಿದರಂತೆ. ಅವರಿಗೆ ಇದೆಲ್ಲ ಬಹಳ ಖುಷಿ. ಬಸ್ಸು ಹತ್ತಿದರೆ ಹುಡುಗರು, "ಉಮ್ಮ, ನಮಗೊಂದು ಬೈಯಿರಿ" ಎಂದು ಕೇಳುತ್ತಿದ್ದರು. "ನೀನು ಮೊದಲು ಏನಾದ್ರೂ ತಪ್ಪು ಮಾಡು, ಮತ್ತೆ ನೋಡುವ" ಎನ್ನುತ್ತಿದ್ದರು.

ಆಗ ಶಾರ್ಜಾದಿಂದ ಫೋನು ಬಂತು.

ನಾನು ಮಹಡಿಯಲ್ಲೇ ಇದ್ದೆ. ಹಮೀದಿಚ್ಚನ ಸ್ವರ ಸ್ಪೀಕರಿನಲ್ಲಿ ಬ್ಯಾರಿ ಭಾಷೆಯಲ್ಲಿ ಗುಡುಗುತ್ತಿತ್ತು: "ನನ್ನ ಉಮ್ಮನ ಸ್ವರ ಗಲ್ಫಿನ ರೂಮುಗಳಲ್ಲೆಲ್ಲ ಕೇಳುತ್ತಿದೆ, ನಾನು ತಲೆ ಎತ್ತಿ ನಡೆಯುವುದು ಹೇಗೆ, ಅದನ್ನು ತೆಗೆಯಿರಿ, ಸಿನಾನ್ ಕಾಲೇಜು ಬಿಟ್ಟು ಇಲ್ಲಿಗೆ ಬರಲಿ, ವೀಸಾ ಕಳಿಸುತ್ತೇನೆ." ಈಗ ನೆಬೀಸುಮ್ಮ ಮಗನಿಗೆ ಸರಿಯಾಗಿ ಕೊಡುತ್ತಾರೆಂದು ನಾನು ಕಾದೆ. ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದು, "ಆಗ್ಲಿ ಮೋನೆ. ತೆಗೆಸ್ತೇನೆ. ನೀನು ಊಟ ಮಾಡಿದ್ಯಾ?" ಎಂದರು. ಅಷ್ಟೇ.

ನಾವು ಇಂಟರ್‌ನೆಟ್ಟಿನಿಂದ ಹಾಡು ತೆಗೆದೆವು. ಊರವರ ಫೋನಿನಿಂದ ತೆಗೆಯುವುದು ಹೇಗೆ? ಅದು ಅಲ್ಲೆಲ್ಲ ಬೈಯುತ್ತಲೇ ಇತ್ತು. ಬೈಯದೆ ಇದ್ದವರು ನೆಬೀಸುಮ್ಮ ಒಬ್ಬರೇ. ಮೀನಿನವನು ಕೊಟ್ಟದ್ದನ್ನು ಸುಮ್ಮನೆ ತೆಗೆದುಕೊಂಡರು. "ಅವರಿಗೆ ಹುಷಾರಿಲ್ವಾ?" ಎಂದು ಅವನೇ ನನ್ನ ಅಮ್ಮನನ್ನು ಕೇಳಿದ. ಸಿನಾನ್ ಮೈಕಿನ ವಯರು ಸುತ್ತಿಟ್ಟ.

ಕೆಲವು ತಿಂಗಳ ಮೇಲೆ ಹಮೀದಿಚ್ಚ ರಜೆಗೆ ಬಂದರು. ಬಂದ ಮರುದಿನ ಮಧ್ಯಾಹ್ನವೇ ನನಗೆ ಕರೆ ಬಂತು. ಹೋದಾಗ ಅವರು ಊಟಕ್ಕೆ ಕೂತಿದ್ದರು. ಬೀರುವಿನ ಗಾಜಿನ ತಟ್ಟೆ ಹೊರಗೆ ಬಂದಿತ್ತು, ಫ್ಯಾನು ಅವರ ಕಡೆಗೇ ತಿರುಗಿತ್ತು. ನೆಬೀಸುಮ್ಮ ಪಕ್ಕದಲ್ಲಿ ನಿಂತು, "ಇನ್ನೊಂದು ತುಂಡು ತಗೋ ಮೋನೆ" ಎಂದು ಮೆಲ್ಲಗೆ ಬಡಿಸುತ್ತಿದ್ದರು.

"ಪ್ರದೀಪಾ, ಆ ಹಾಡು ನಿನ್ನ ಹತ್ರ ಉಂಟಾ?" ಎಂದು ಹಮೀದಿಚ್ಚ ನನ್ನನ್ನು ಕೇಳಿದರು.

"ಉಂಟು."

"ಹಾಕು."

ಫೋನಿನಲ್ಲಿ ಹಾಕಿದೆ. ಅವರು ನಗಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಮುಗಿದ ಮೇಲೆ ಹೇಳಿದರು: "ನಮ್ಮ ರೂಮಿನವರು ಬೆಳಿಗ್ಗೆ ಏಳ್ಲಿಕ್ಕೆ ಇದನ್ನೇ ಇಡುವುದು. ಕೇಳಿ ಎಲ್ಲರೂ ನಗ್ತಾರೆ. ನನ್ನ ಉಮ್ಮ ಹೀಗೆಯೇ ಬೈತಿದ್ದರು ಅಂತ ಒಬ್ಬೊಬ್ಬನೂ ಹೇಳ್ತಾನೆ." ಆಮೇಲೆ ತಾಯಿಯ ಕಡೆ ತಿರುಗಿದರು. "ನೀವು ಕಾಗೆಗೆ ಬೈತೀರಿ, ಕಂಡಕ್ಟರನಿಗೆ ಬೈತೀರಿ, ಈ ಪ್ರದೀಪನಿಗೂ ಬೈತೀರಿ. ನಾನು ಬಂದರೆ ಮಾತ್ರ ಕೂತ್ಕೋ ಮೋನೆ, ತಿನ್ನು ಮೋನೆ. ನಾನೆಂತ ಉಮ್ಮ, ನೆಂಟನಾ?"

ನೆಬೀಸುಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ನೀನು ಬರುವುದೇ ಅಪರೂಪಕ್ಕೆ. ಬಿಸಿಲಲ್ಲಿ ಬೇಯುವವನು. ಬಂದಾಗಲೂ ಬೈದರೆ, ಹೋಗುವಾಗ ಅದನ್ನೇ ಹೊತ್ತುಕೊಂಡು ಹೋಗ್ತೀಯಲ್ಲ ಅಂತ..." ಎಂದರು.

ಕಣ್ಣು ತಪ್ಪಿಸಲು ಅತ್ತ ತಿರುಗಿದವರಿಗೆ ಸೋಫಾ ಕಂಡಿತು. ಅದರ ಮೇಲೆ ಹಮೀದಿಚ್ಚ ಮೈ ಒರೆಸಿದ ಒದ್ದೆ ಬೈರಾಸು ಬಿದ್ದಿತ್ತು.

"ಇದು ಎಂತ?" ಎಂದರು. ಬಹಳ ಕಾಲ ಬಿಟ್ಟ ಪಂಪಿನಂತೆ ಸ್ವರ ಮೊದಲು ಸ್ವಲ್ಪ ಗೊರಗೊರ ಎಂದಿತು. ಆಮೇಲೆ ನೀರು ಬಂತು. "ಸೋಫಾ ನೀನೇ ಕಳಿಸಿದ್ದು ಅಂತ ಅದನ್ನು ಕೊಳೆಸ್ಲಿಕ್ಕೆ ಉಂಟಾ? ಕಂಬಳಿ ಕಳಿಸು ಎಂದರೆ ಸೆಂಟು ಕಳಿಸ್ತೀ, ನಾನು ಅದನ್ನು ಯಾರಿಗೆ ಮೂಸ್ಲಿಕ್ಕೆ ಕೊಡುವುದು, ಕಾಗೆಗಾ? ಸಕ್ಕರೆ ಕಾಯಿಲೆ ಮುಚ್ಚಿಟ್ಟವನು ಹಲ್ವ ಪೆಟ್ಟಿಗೆ ಮಾತ್ರ ತೆರೆದಿಟ್ಟಿದ್ದೀ! ಸ್ವಂತ ಮಗನಿಗೆ ಮೀಸೆ ಬಂದದ್ದನ್ನು ಫೋನಿನಲ್ಲಿ ನೋಡಿದವನು ನೀನು, ಅವನ ಹಾಡು ತೆಗಿ ಅಂತ ಅಲ್ಲಿಂದ ಆರ್ಡರಾ? ಅವನು ಎಲ್ಲಿಗೂ ಬರುವುದಿಲ್ಲ. ಕಲೀತಾನೆ, ಹಾಡ್ತಾನೆ. ನೀನು ಬೇಕಾದರೆ ಬಾ ಇಲ್ಲಿಗೆ!"

ಬಾಗಿಲ ಮರೆಯಲ್ಲಿದ್ದ ಸಿನಾನ್ ಮೆಲ್ಲಗೆ ಫೋನು ಹೊರತೆಗೆದ. ನೆಬೀಸುಮ್ಮ ತಿರುಗಿ ನೋಡದೆಯೇ ಹೇಳಿದರು: "ಅದನ್ನು ಒಳಗಿಡು. ಇದು ಆಲ್ಬಮ್ಮಿಗಲ್ಲ."

ಹಮೀದಿಚ್ಚ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಇನ್ನೊಮ್ಮೆ ಅನ್ನ ಹಾಕಿಸಿಕೊಂಡರು. ಸಂಜೆ ಹಾಡನ್ನು ವಾಪಸು ಹಾಕಲು ಅವರೇ ಹೇಳಿದರು.

ಎರಡನೆಯ ಆಲ್ಬಮ್ ಆಗಲಿಲ್ಲ. ಸಿನಾನ್ ಕೆಲವು ಕಾಲೇಜುಗಳ ವೇದಿಕೆ ಹತ್ತಿದ. ಉಮ್ಮಾಮನ ಸಾಲು ಬಂದಾಗ ಸಭೆಯೇ ಒಟ್ಟಾಗಿ ಅವನಿಗೆ ಬೈಯುತ್ತಿತ್ತು. ಹಮೀದಿಚ್ಚ ಮರುವರ್ಷ ಗಲ್ಫ್ ಬಿಟ್ಟು ಬಂದು ಊರಿನಲ್ಲೇ ಅಂಗಡಿ ಇಟ್ಟರು. ದಿನಾ ಬೈಗುಳ ತಿಂದು ಮೈಗೆ ಬಣ್ಣವೂ ಬಂತು. ನಾನು ಕೆಲಸಕ್ಕೆಂದು ಕಾಸರಗೋಡಿನ ವಿದ್ಯಾನಗರ ಸೇರಿದೆ.

ನೆಬೀಸುಮ್ಮ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಡವಾಗಿ. ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಮೀದಿಚ್ಚ ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದರು. ನಾನು ಎದುರು ಹೋಗಿ ನಿಂತೆ.

"ಊಟ ಆಯ್ತಾ?" ಎಂದರು.

"ಇಲ್ಲ. ಬೇಡ ಹಮೀದಿಚ್ಚ."

"ಬೇಡವಾ? ಈಗ ಗಂಟೆ ಎಷ್ಟಾಯ್ತು, ನಿನಗೆ ಬುದ್ಧಿ ಉಂಟಾ? ಮುಖ ನೋಡು, ಒಣಗಿದ... ಒಣಗಿದ..." ಅವರು ಮಾತು ಹುಡುಕಿದರು. "ಒಣಗಿದ ನಂಗ್ ಮೀನಿನ ಹಾಗೆ ಆಗಿದ್ದೀ. ಒಳಗೆ ಹೋಗಿ ತಿನ್ನು!"

ಸ್ವರಕ್ಕೆ ಇನ್ನೂ ಹದ ಬಂದಿರಲಿಲ್ಲ, ನಡುವೆ ಒಮ್ಮೆ ಒಡೆದೂ ಹೋಯಿತು. ಕಲಿಯುತ್ತಾರೆ ಎಂದುಕೊಂಡು, ಚಪ್ಪಲಿ ಕಳಚಿಟ್ಟು ಒಳಗೆ ಹೋದೆ.